ಚಾದರದ ಇನ್ನೊಂದು ತುದಿ

ಊರಿನ ಆಸ್ಪತ್ರೆ, ಹೋಟೆಲುಗಳ ಚಾದರಗಳೆಲ್ಲ ನಮ್ಮ ಲಾಂಡ್ರಿಯಿಂದ ಗರಿಗರಿಯಾಗಿ ಹೊರಗೆ ಹೋಗುತ್ತಿದ್ದವು. ಅದನ್ನೆಲ್ಲ ನಡೆಸುತ್ತಿದ್ದ ಮ್ಯಾನೇಜರರ ಅಂಗಿ ಮಾತ್ರ ಯಾವಾಗ ನೋಡಿದರೂ ಈಗಷ್ಟೇ ಹಿಂಡಿ ತೊಟ್ಟುಕೊಂಡ ಹಾಗೆ ಇರುತ್ತಿತ್ತು. ಹಾಗಾಗಿಯೇ ಅವರಿಗೆ ಸುಕ್ಕಣ್ಣ ಎಂಬ ಹೆಸರು ಬಿತ್ತು. ಇಟ್ಟವರು ಇಸ್ತ್ರಿ ರೋಲರ್ ನೋಡಿಕೊಳ್ಳುವ, ನಾವೆಲ್ಲ ಅತ್ತಿಗೆ ಎಂದು ಕರೆಯುತ್ತಿದ್ದ ಹೆಂಗಸು, ಅದೂ ಅವರ ಎದುರಿಗೇ. ಸುಕ್ಕಣ್ಣ ತಮ್ಮ ಅಂಗಿಯನ್ನೊಮ್ಮೆ ನೋಡಿಕೊಂಡು, ತಡವಾಯಿತು ಕಣಮ್ಮ, ನನ್ನ ಹೆಂಡತಿ ಮದುವೆಯಾದ ವಾರದಲ್ಲೇ ಇಟ್ಟಿದ್ದಳು ಅಂದರಂತೆ.

ಆ ಸುಕ್ಕಣ್ಣ ಒಂದು ರಜೆಯ ದಿನ, ಊಟ ಮುಗಿಸಿ ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದು ಹೋಗಿಬಿಟ್ಟರು. ಹಿಂದಿನ ಸಂಜೆಯಷ್ಟೇ ಗೇಟಿನ ತನಕ ಬಂದು, ಮಗಳ ಔಷಧಿ ಮರೀಬೇಡ ಎಂದು ನನ್ನನ್ನು ಕಳಿಸಿಕೊಟ್ಟಿದ್ದ ಮನುಷ್ಯ. ಮಾರನೆಯ ದಿನ ನಾವೆಲ್ಲ ಬಂದು ಬಟ್ಟೆ ಒಗೆಯುವ ಡ್ರಮ್ಮುಗಳನ್ನು ತಿರುಗಿಸಿದೆವು. ಆಸ್ಪತ್ರೆಯ ಹಾಸಿಗೆಗಳು ನಮ್ಮ ದುಃಖಕ್ಕೆ ಕಾಯುವಂತಿರಲಿಲ್ಲ. ಅವರ ಏಪ್ರನ್ ಗೂಟದಲ್ಲೇ ಇತ್ತು. ಅದನ್ನು ಯಾರೂ ಮುಟ್ಟಲಿಲ್ಲ.

ದೊಡ್ಡ ಚಾದರ ಮಡಚುವುದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ಇಬ್ಬರು ಎರಡೆರಡು ಮೂಲೆ ಹಿಡಿದು, ಹಿಂದೆ ಸರಿದು ಬಿಗಿಯಾಗಿ ಎಳೆದು, ಅಂಚಿಗೆ ಅಂಚು ಕೂಡಿಸಿ, ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ಮೂಲೆಗಳನ್ನು ಕೈಗೆ ಕೊಡಬೇಕು. ಕೈ ಕುದುರಿದವರು ಕಣ್ಣು ಮುಚ್ಚಿಯೂ ಮಾಡುತ್ತಾರೆ. ಆದರೆ ಮನಸ್ಸು ಬೇರೆಲ್ಲೋ ಇದ್ದರೆ ಅಂಚು ಕೂಡುವುದಿಲ್ಲ, ಒಂದು ಬೆರಳಷ್ಟಾದರೂ ಆಚೀಚೆ ಆಗುತ್ತದೆ. ಸುಕ್ಕಣ್ಣ ನಮ್ಮ ಮುಖ ನೋಡುತ್ತಿರಲಿಲ್ಲ, ಅಂಚು ನೋಡುತ್ತಿದ್ದರು.

ನಾನು ಹೊಸಬಳಾಗಿದ್ದಾಗಿನ ಮಾತು. ಮಗಳಿಗೆ ಉಬ್ಬಸ ಜಾಸ್ತಿಯಾಗಿದೆ ಎಂದು ಶಾಲೆಯಿಂದ ಫೋನು ಬಂತು. ಸೇರಿದ ತಿಂಗಳಲ್ಲೇ ರಜೆ ಕೇಳುವುದು ಹೇಗೆ? ನಮ್ಮವರು ಲಾರಿ ಹತ್ತಿ ಊರಾಚೆ ಹೋಗಿದ್ದರು. ಫೋನನ್ನು ಜೇಬಿಗೆ ತುರುಕಿ ಮಡಚತೊಡಗಿದೆ. ಸುಕ್ಕಣ್ಣ ಪಕ್ಕದಲ್ಲಿ ಬಂದು ನಿಂತು ಚಾದರವನ್ನು ನೋಡಿದರು.

"ನಿನ್ನ ಅಂಚು ಆಗಲೇ ಮನೆಗೆ ಹೋಗಿದೆ. ನೀನೂ ಹೋಗು."

ಅಷ್ಟೇ. ನನ್ನ ಕೈಯಿಂದ ಮೂಲೆಗಳನ್ನು ತೆಗೆದುಕೊಂಡು ನನ್ನ ಜಾಗದಲ್ಲಿ ನಿಂತರು. ಏನಾಯಿತು, ಯಾಕೆ, ಎಷ್ಟು ಹೊತ್ತು ಎಂಬ ವಿಚಾರಣೆ ಇಲ್ಲ. ಮರುದಿನ ಅದರ ಪ್ರಸ್ತಾಪವೂ ಇಲ್ಲ, ಮಗಳ ಔಷಧಿಯ ಬಗ್ಗೆ ಕೇಳುವುದು ಮಾತ್ರ ಅವತ್ತಿನಿಂದ ಶುರುವಾಯಿತು. ಎಲ್ಲರಿಗೂ ಇದೇ ನ್ಯಾಯ. ಗಾಜಿನ ಕೋಣೆಯಲ್ಲಿ ಅವರಿಗೆಂದು ಒಂದು ಒಳ್ಳೆಯ ಕುರ್ಚಿ ಇತ್ತು. ಅದರ ಮೇಲೆ ನಮ್ಮ ಒದ್ದೆ ಏಪ್ರನ್‌ಗಳು ಒಣಗುತ್ತಿದ್ದವು. ಅವರು ಮಡಚುವ ಮೇಜಿನ ಹತ್ತಿರವೇ, ಯಾರ ಜಾಗ ಖಾಲಿಯಾಗುತ್ತದೋ ಅಲ್ಲಿಗೆ ಸಿದ್ಧವಾಗಿ ಇರುತ್ತಿದ್ದರು. ಅದಕ್ಕೇ ಚಾದರ ತಲುಪಿಸುವ ನಮ್ಮ ಗಾಡಿ ಯಾವತ್ತೂ ತಡವಾಗುತ್ತಿರಲಿಲ್ಲ.

ಧಣಿಗಳು ಕೆಟ್ಟವರಲ್ಲ. ಆದರೆ ಲಾಂಡ್ರಿಯನ್ನು ಗಾಜಿನ ಆಚೆಯಿಂದಷ್ಟೇ ನೋಡಿದವರು. ಸುಕ್ಕಣ್ಣ ಹೋದ ಮೇಲೆ ನನ್ನನ್ನು ಕರೆದು, ಇನ್ನು ಮುಂದೆ ಮೇಲ್ವಿಚಾರಣೆ ನಿನ್ನದು ಅಂದರು. ಜೊತೆಗೆ, ನಡುವೆ ಎದ್ದು ಹೋಗುವ ಈ ಪದ್ಧತಿ ನಿಲ್ಲಬೇಕು, ಫೋನುಗಳೆಲ್ಲ ಗಾಜಿನ ಕೋಣೆಯಲ್ಲಿರಲಿ, ನೀನು ಅಲ್ಲಿ ಕೂತು ಎಲ್ಲರ ಮೇಲೆ ಕಣ್ಣಿಡು ಅಂದರು. ಕೆಲಸ ಒಪ್ಪಿಕೊಂಡೆ. ಕುರ್ಚಿ ಬೇಡ, ಫೋನು ಅವರವರ ಹತ್ತಿರವೇ ಇರಲಿ ಎಂದೆ.

"ಕೂತು ನೋಡ್ಕೊಳ್ಳದ ಮ್ಯಾನೇಜರ್ ನನಗ್ಯಾಕಮ್ಮ?"

"ಇಷ್ಟು ವರ್ಷ ನಿಮಗಿದ್ದಿದ್ದು ಅಂಥವರೇ ಅಲ್ವಾ?"

 ಅವರು, ಸರಿ, ಈ ವಾರ ನಾನೇ ಬಂದು ನೋಡುತ್ತೇನೆ, ಯಾರಾದರೂ ಎದ್ದು ಹೋಗಿ ಗಾಡಿ ತಡವಾದರೆ ನನ್ನ ಮಾತೇ ನಡೆಯಬೇಕು ಅಂದರು. ನಾನು ಹೂಂ ಅಂದೆ. ಅದು ಧೈರ್ಯವಲ್ಲ, ಲೆಕ್ಕಾಚಾರ. ಈ ಪದ್ಧತಿ ಹೋದರೆ ಮುಂದಿನ ಸಲ ಮಗಳ ಉಸಿರು ಕಟ್ಟಿದ ದಿನ ನಾನು ಅವಳನ್ನೋ ಕೆಲಸವನ್ನೋ ಒಂದನ್ನು ಆರಿಸಬೇಕಿತ್ತು.

ಈಗ ಅತ್ತಿಗೆಯ ವಿಚಾರ. ಎಲ್ಲರ ಮೇಲೂ ತಮ್ಮ ಅಡುಗೆಮನೆಗೆ ಹೊಸದಾಗಿ ಬಂದ ಸೊಸೆಯರೆಂಬಂತೆ ಅಧಿಕಾರ ಚಲಾಯಿಸುತ್ತಿದ್ದುದರಿಂದ ನಾವೆಲ್ಲ ಹಾಗೆ ಕರೆಯುತ್ತಿದ್ದೆವು. ನನಗಿಂತ ಹಳಬರು. ಮ್ಯಾನೇಜರ್ ಜಾಗ ತಮಗೇ ಎಂದುಕೊಂಡಿದ್ದರು. ಅದು ನನಗೆ ಬಂದ ದಿನದಿಂದ ನೇರ ಮಾತು ಬಂದ್. ನಾನು ಎದುರಿಗೇ ನಿಂತಿದ್ದರೂ ಬಾಯ್ಲರಿನವನ ಕಡೆ ತಿರುಗಿ, ಮ್ಯಾನೇಜರಮ್ಮನಿಗೆ ಹೇಳಪ್ಪ, ರೋಲರ್ ಬಿಸಿ ಸಾಲದು ಎನ್ನುತ್ತಿದ್ದರು. ಅವನೂ ಪಾಪ, ನನ್ನ ಕಡೆ ತಿರುಗಿ ಒಪ್ಪಿಸುತ್ತಿದ್ದ. ನಾನು ಅವರನ್ನು ರೋಲರಿನಿಂದ ತಂದು ನನ್ನ ಚಾದರಕ್ಕೇ ಜೋಡಿ ಹಾಕಿಕೊಂಡೆ. ಜಗಳವಾಡಿದವರನ್ನು ಒಂದೇ ಚಾದರಕ್ಕೆ ಹಾಕುವುದು ಸುಕ್ಕಣ್ಣನ ಕ್ರಮ. ಎಷ್ಟೇ ಮುಖ ತಿರುಗಿಸಿದರೂ ಕೊನೆಗೆ ನಡೆದು ಬಂದು ಕೈಗೆ ಕೈ ತಾಗಿಸಲೇಬೇಕಲ್ಲ. ಅತ್ತಿಗೆಗೆ ಅದು ಗೊತ್ತಿತ್ತು. ಹಳೇ ಔಷಧಿ ಎಂದು ಗೊಣಗಿ ಮೂಲೆ ಹಿಡಿದರು.

ಆ ವಾರ ಆಸ್ಪತ್ರೆಯ ದೊಡ್ಡ ಲೋಡು ಬಂದ ದಿನ ಬೆಳಿಗ್ಗೆಯೇ ಒಂದು ಡ್ರಮ್ಮು ಕೈಕೊಟ್ಟಿತು. ನಾವು ಹಿಂದೆ ಬಿದ್ದಿದ್ದೆವು. ಧಣಿಗಳು ಬಾಗಿಲ ಹತ್ತಿರ ಕೈ ಕಟ್ಟಿ ನಿಂತಿದ್ದರು. ಅತ್ತಿಗೆಯ ಏಪ್ರನ್ ಒಳಗೆ ಫೋನು ಗುಂಯ್ ಎಂದಿತು. ಅವರು ಅತ್ತ ತಿರುಗಿ ಕೇಳಿಸಿಕೊಂಡರು. ಮತ್ತೆ ಒಳಗಿಟ್ಟು ಏನೂ ಆಗದವರಂತೆ ಮೂಲೆ ಹಿಡಿದರು.

ಮುಂದಿನ ಚಾದರದಲ್ಲಿ ಅಂಚು ಬೆರಳಷ್ಟು ತಪ್ಪಿತು. ಬಿಚ್ಚಿ ಮತ್ತೆ ಮಡಚಿದೆವು. ಆಮೇಲಿನದು ಅಂಗೈಯಷ್ಟು ತಪ್ಪಿತು. ನಮ್ಮಲ್ಲಿ ಅತ್ತಿಗೆಯಷ್ಟು ಚೊಕ್ಕವಾಗಿ ಮಡಚುವವರು ಇನ್ನೊಬ್ಬರಿಲ್ಲ. ಮನೆಗೆ ಹೋಗಬೇಕೆಂದು ಕೇಳಿದರೆ ನನ್ನನ್ನು ಕೇಳಬೇಕು, ಅದೂ ಧಣಿಗಳ ಎದುರಿಗೆ. ಜೀವ ಹೋದರೂ ಕೇಳುವವರಲ್ಲ. ನಾನು ಸುಮ್ಮನಿದ್ದುಬಿಟ್ಟರೆ ಗಾಡಿ ಹೇಗೋ ಹೊತ್ತಿಗೆ ಸರಿಯಾಗಿ ಹೊರಡುತ್ತಿತ್ತು, ಧಣಿಗಳ ಮುಂದೆ ನಾನು ಗೆಲ್ಲುತ್ತಿದ್ದೆ. ಆದರೆ ಆ ಪದ್ಧತಿಯನ್ನೇ ಬಿಟ್ಟುಕೊಟ್ಟ ಮೇಲೆ ಏನನ್ನು ಉಳಿಸಿಕೊಂಡು ಗೆದ್ದ ಹಾಗಾಗುತ್ತಿತ್ತು?

"ಅತ್ತಿಗೆ, ನಿಮ್ಮ ಅಂಚು ಆಗಲೇ ಮನೆಗೆ ಹೋಗಿದೆ. ನೀವೂ ಹೋಗಿ."

ಅವರು ಕತ್ತೆತ್ತಿ ನೋಡಿದರು. ಆ ಮಾತನ್ನು ಅವರೂ ಕೇಳಿದವರೇ, ಎಷ್ಟೋ ಸಲ.

"ಗಾಡಿ?"

"ಗಾಡಿ ಚಿಂತೆ ನನಗಿರಲಿ."

ಏಪ್ರನ್ ಬಿಚ್ಚುತ್ತ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರಂತೆ ಎಂದು ಬಾಯ್ಲರಿನವನಿಗೆ ಹೇಳಿ ಹೋದರು. ನನಗೆ ಕೇಳಿಸಲಿ ಎಂದೇ ಗಟ್ಟಿಯಾಗಿ ಹೇಳಿದ್ದು.

ಚಾದರದ ಒಂದು ತುದಿ ನನ್ನ ಕೈಲಿತ್ತು. ಇನ್ನೊಂದು ಮೇಜಿನ ಮೇಲೆ ಬಿದ್ದಿತ್ತು. ಇಂಥ ಹೊತ್ತಿನಲ್ಲಿ ಬರುತ್ತಿದ್ದವರು ಈಗಿಲ್ಲ. ಅವರ ಜಾಗಕ್ಕೆ ಬಂದ ನಾನು ಆಗಲೇ ಈ ತುದಿಯಲ್ಲಿದ್ದೆ. ಉಳಿದವರೆಲ್ಲ ಯಂತ್ರಗಳ ಮುಂದೆ. ಕೈ ಖಾಲಿ ಇದ್ದ ಮನುಷ್ಯ ಇಡೀ ಕಟ್ಟಡದಲ್ಲಿ ಒಬ್ಬರೇ.

"ಧಣಿ, ಹಿಡ್ಕೊಳ್ಳಿ."

ಅವರು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು. ಅಲ್ಲಿ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಕೊನೆಗೆ ವಾಚು ಬಿಚ್ಚಿ ಜೇಬಿಗಿಟ್ಟುಕೊಂಡು ಬಂದರು. ಬಿಡಬೇಕಾದಾಗ ಎಳೆದರು, ಎಳೆಯಬೇಕಾದಾಗ ಬಿಟ್ಟರು. ಅಂಚು ಕೂಡಿಸಿದ ಮೇಲೆ ನಾನು ಬರಲಿ ಎಂದು ಕಂಬದ ಹಾಗೆ ನಿಂತರು. ನೀವೂ ನನ್ನ ಕಡೆ ನಡೆಯಬೇಕು ಎಂದು ಹೇಳಬೇಕಾಯಿತು. ನಡೆದರು. ಬೆವರಿಗೆ ಅಂಗಿ ಬೆನ್ನಿಗೆ ಅಂಟಿ, ಮುದುಡಿ, ನೋಡುವ ಹಾಗಾಯಿತು. ಬಾಯ್ಲರಿನವನು ನನ್ನ ಕಡೆ ನೋಡಿದ. ಇಬ್ಬರಿಗೂ ಒಂದೇ ಹೆಸರು ನೆನಪಾಗಿತ್ತು.

ಸುಮಾರು ಹೊತ್ತಿನ ಮೇಲೆ ಮೂಲೆ ಕೊಡುತ್ತ ಕೇಳಿದರು.

"ದಿನಾ ಹೀಗೇ ಮಾಡ್ತಿದ್ರಾ ಅವರು?"

"ದಿನಾ."

"ನಾನು ಬಂದಾಗೆಲ್ಲ, ಈ ಮನುಷ್ಯನಿಗೆ ಒಂದು ಕಡೆ ಕೂರೋಕೇ ಬರಲ್ಲ ಅಂದ್ಕೊಳ್ತಿದ್ದೆ."

ಗಾಡಿ ತಡವಾಯಿತು. ಡ್ರೈವರ್ ಎರಡನೇ ಸಲ ಹಾರ್ನ್ ಹೊಡೆದು, ಇಳಿದು ಬಂದು, ಮಡಚುತ್ತಿದ್ದವರು ಯಾರೆಂದು ನೋಡಿ, ವಾಪಸು ಹೋಗಿ ಗಾಡಿಯಲ್ಲಿ ಕೂತ. ಕೊನೆಯ ಟ್ರಾಲಿ ಹತ್ತಿಸಿದ ಮೇಲೆ ಧಣಿಗಳು ಸೊಂಟ ಹಿಡಿದುಕೊಂಡು ನನ್ನ ಮುಂದೆ ನಿಂತರು. ತಪ್ಪಿಸಿಕೊಳ್ಳುವ ಮನುಷ್ಯನಲ್ಲ, ಅದನ್ನು ಒಪ್ಪಬೇಕು. ತಡ ಆಗಿದ್ದು ಆ ಹೆಂಗಸಿನಿಂದ ಅಲ್ಲ, ನನ್ನ ಕೈಯಿಂದ ಅಂದರು. ಮೇಜಿನ ಹತ್ತಿರ ಇನ್ನೊಬ್ಬರನ್ನು ಇಟ್ಟುಕೋ, ಸುಕ್ಕಣ್ಣ ನಿಂತ ಹಾಗೆ ನೀನು ನಿಲ್ಲು ಅಂದರು. ಆಮೇಲೆ ಗಾಜಿನ ಕೋಣೆಗೆ ಹೋಗಿ ಆ ಕುರ್ಚಿಯಲ್ಲಿ, ಒದ್ದೆ ಏಪ್ರನ್‌ಗಳ ಮೇಲೆಯೇ, ಕೂತುಬಿಟ್ಟರು.

ಮರುದಿನ ಅತ್ತಿಗೆ ನನಗಿಂತ ಮೊದಲೇ ಬಂದಿದ್ದರು. ಅತ್ತೆಯ ಕಾಲಿಗೆ ಪಟ್ಟಿ ಕಟ್ಟಿದ್ದಾರೆ, ಮೂಳೆ ಮುರಿದಿಲ್ಲ ಎಂದು ಬಾಯ್ಲರಿನವನಿಂದ ತಿಳಿಯಿತು. ಹಿಂದಿನ ದಿನ ಉಳಿದಿದ್ದ ಹೋಟೆಲಿನ ಒಂದಷ್ಟು ಚಾದರ ಮೇಜಿನ ಮೇಲಿದ್ದವು. ಅತ್ತಿಗೆ ಮೇಲಿನದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಯಾರ ಕೈಚಳಕ ಇದು? ಕತ್ತೆ ಹೊರಳಾಡಿ ಎದ್ದ ಹಾಗಿದೆ."

ಬಾಯ್ಲರಿನವನು ಧಣಿಗಳದ್ದು ಎಂದ.

ಅತ್ತಿಗೆ ನಕ್ಕರು. ಸುಕ್ಕಣ್ಣ ಹೋದ ಮೇಲೆ ಆ ಮೇಜಿನ ಹತ್ತಿರ ಯಾರೂ ನಕ್ಕಿರಲಿಲ್ಲ. ನಕ್ಕು ನಕ್ಕು, ಕೊನೆಗೆ ಗೂಟದಲ್ಲಿದ್ದ ಏಪ್ರನ್ ಕಡೆ ಕಣ್ಣು ಹೋಗಿ, ಮುಖ ಆಚೆ ತಿರುಗಿಸಿಕೊಂಡು ಮೂಗು ಒರೆಸಿಕೊಂಡರು. ನಾನು ಅದನ್ನು ಗೂಟದಿಂದ ತೆಗೆದು ಕೊಡವಿ ಕಟ್ಟಿಕೊಂಡೆ. ಉದ್ದವಾಯಿತು. ಸೊಂಟದ ಹತ್ತಿರ ಒಂದು ಸುತ್ತು ಮಡಚಿಕೊಂಡೆ.

ಅತ್ತಿಗೆ ಚಾದರವನ್ನು ಝಾಡಿಸಿ ಬಿಚ್ಚಿ, ತಮ್ಮ ಮೂಲೆಗಳನ್ನು ಹಿಡಿದು, ಈ ಸಲ ಬಾಯ್ಲರಿನವನ ಕಡೆ ತಿರುಗದೆ, ನೇರವಾಗಿ ನನಗೇ ಹೇಳಿದರು.

"ಏನ್ ನೋಡ್ತಾ ನಿಂತಿದ್ದೀಯ ಮ್ಯಾನೇಜರಮ್ಮ, ಆ ತುದಿ ಹಿಡಿ."