ಒಲೆ ಹಚ್ಚದ ಗುರುವಾರ

ಅದು ಶುರುವಾದದ್ದು ಐವತ್ಮೂರನೇ ಇಸವಿಯ ಫೆಬ್ರವರಿಯಲ್ಲಿ, ಎಳೆಬಿಸಿಲು ಆಗಷ್ಟೇ ಓಕ್ ಮರಗಳ ಬುಡ ಮುಟ್ಟಿದ ಹೊತ್ತಿನಲ್ಲಿ. ಹುಲ್ಲಿನ ಮೇಲೆ ಇಬ್ಬನಿ ಉಪ್ಪಿನ ಹಾಗೆ ಗಟ್ಟಿಯಾಗಿತ್ತು. ನಾನು ಕುದುರೆ ಹತ್ತಿ ಮಂದೆ ಎಣಿಸಲು ಹೋಗಿದ್ದೆ. ಕಲ್ಲುಗೋಡೆಯ ಮೂಲೆಯಲ್ಲಿ ಪನಾದೇರಾ ಎಂಬ ಹಸು ಸತ್ತು ಬಿದ್ದಿತ್ತು. ಅದರ ತಣ್ಣಗಾದ ಹೊಟ್ಟೆಗೆ ಒತ್ತಿಕೊಂಡು, ಮೈಯ ತೇವ ಇನ್ನೂ ಆರದ ಒಂದು ಹೆಣ್ಣುಗರು ನಿಂತಿತ್ತು. ನನ್ನನ್ನು ಕಂಡು ಓಡಲಿಲ್ಲ. ತಲೆ ತಗ್ಗಿಸಿ, ನಡುಗುವ ಕಾಲಲ್ಲೇ ಕುದುರೆಯ ಮೊಣಕಾಲಿಗೆ ಒಂದು ಗುದ್ದು ಕೊಟ್ಟಿತು. ಕೊಟ್ಟು, ತಾನೇ ಬಿತ್ತು.

ಅದನ್ನು ಕಂಬಳಿಯಲ್ಲಿ ಸುತ್ತಿ ಮನೆಗೆ ತಂದೆ.

ನಮ್ಮ ಸಲಮಾಂಕಾ ಕಡೆ, ಕಣದಲ್ಲಿ ಕತ್ತಿ ಹಿಡಿದ ಮನುಷ್ಯನೆದುರು ಕಾದಲು ಬೆಳೆಸುವ ಕಾಳಗದ ದನಗಳಿಗೆ ಯಾರೂ ಹೊಸ ಹೆಸರು ಹುಡುಕುವುದಿಲ್ಲ. ತಾಯಿಯ ಹೆಸರೇ ಮಗಳಿಗೆ. ಮಗನಾದರೆ ಅದೇ ಹೆಸರನ್ನು ಗಂಡು ಮಾಡಿ ಕರೆಯುತ್ತೇವೆ. ಪನಾದೇರಾಳ ಮಗ ಪನಾದೇರೊ. ಎಲುಬು ಕೊಂಬು ಅಪ್ಪನಿಂದ, ಎದೆ ಅಮ್ಮನಿಂದ ಎಂಬುದು ನಮ್ಮ ಹಿರಿಯರ ಮಾತು. ಕಣದಲ್ಲಿ ಒಂದು ಹೋರಿ ಚೆನ್ನಾಗಿ ಕಾದಿ ಸತ್ತರೆ ತಿಳಿದವರು ಮೊದಲು ಕೇಳುವುದು, ಇದರ ತಾಯಿ ಯಾರು ಎಂದೇ.

ಪನಾದೇರಾ ಎಂದರೆ ರೊಟ್ಟಿ ಸುಡುವವಳು. ನನ್ನ ಹೆಂಡತಿ ಕಸಿಲ್ದಾ ಹನ್ನೊಂದು ಮಂದಿ ದನಗಾಹಿಗಳಿಗೆ ಗುರುವಾರಕ್ಕೊಮ್ಮೆ, ಇಡೀ ವಾರಕ್ಕಾಗುವಷ್ಟು ರೊಟ್ಟಿ ಸುಡುತ್ತಿದ್ದಳು. ಕರುವನ್ನು ಮಣ್ಣಿನ ಗೂಡೊಲೆಯ ಪಕ್ಕ ಮಲಗಿಸಿದಾಗ ಅವಳು ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು ನೋಡಿದಳು.

"ನನ್ನ ಕಸುಬಿನ ಹೆಸರು ಮೊದಲೇ ಕದ್ದಿದ್ರು ಇದರ ವಂಶದೋರು. ಈಗ ನನ್ನ ಒಲೇನೂ ಬೇಕಾಯ್ತಾ?" ಎಂದಳು.

ಕಸಿಲ್ದಾ ಪ್ರಾಣಿಗಳನ್ನು ಮುದ್ದಿಸುವ ಹೆಂಗಸಲ್ಲ. ಕೋಳಿಗೆ ಕಾಳು ಹಾಕುವಾಗಲೂ ಬೈದೇ ಹಾಕುವಳು. ಆ ಕರುವಿಗೂ ಬೈದಳು. ಬೈಯುತ್ತಲೇ ಮೇಕೆಯ ಹಾಲು ಬೆಚ್ಚಗೆ ಮಾಡಿದಳು, ಬೈಯುತ್ತಲೇ ಬೆರಳು ಚೀಪಿಸಿ ಕುಡಿಯಲು ಕಲಿಸಿದಳು. ಸಾಕುತ್ತಿದ್ದೀಯಾ ಎಂದು ಯಾರಾದರೂ ಕೇಳಿದರೆ, ಇಲ್ಲ, ಅದು ಒಲೆ ಹತ್ತಿರ ಬಿದ್ದುಕೊಂಡಿದೆ ಅಷ್ಟೆ ಎನ್ನುವಳು. ತಿಂಗಳು ಎರಡಾಗುವಷ್ಟರಲ್ಲಿ ಅದು ಹಾಲಿನ ಜೊತೆ ರೊಟ್ಟಿಯ ಚೂರನ್ನೂ ತಿನ್ನಲು ಕಲಿತಿತ್ತು.

ಧಣಿ ದೋನ್ ಫಾಬಿಯಾನ್ ಒಂದು ದಿನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮಾತು ಕಡಿಮೆಯ ಮನುಷ್ಯ.

"ಈ ವಂಶದಲ್ಲಿ ಉಳಿದಿರೋ ಹೆಣ್ಣು ಇದೊಂದೇ, ಕಸಿಲ್ದಾ. ಸಾಕು. ಆದ್ರೆ ಎರಡು ವರ್ಷ ತುಂಬಿದಾಗ ಎಲ್ಲರ ಹಾಗೆ ಇವಳೂ ಪರೀಕ್ಷೆಗೆ ಇಳೀಬೇಕು. ಕೈತುತ್ತು ತಿಂದೋಳು ಅಂತ ನಾನು ಬಿಡೋನಲ್ಲ."

"ಬಿಡಿ ಅಂತ ನಾನೆಲ್ಲಿ ಕೇಳ್ದೆ ಧಣಿ?" ಎಂದಳು ಕಸಿಲ್ದಾ. ಕೇಳಿರಲಿಲ್ಲ ನಿಜ. ಆದರೆ ಅಂದು ಒಲೆಯೊಳಗಿದ್ದ ರೊಟ್ಟಿ ಸೀದುಹೋಯಿತು.

ಪರೀಕ್ಷೆ ಎಂದರೆ ಇಷ್ಟೆ. ಸುಣ್ಣ ಬಳಿದ ದುಂಡು ಕಣದೊಳಕ್ಕೆ ಕಡಸನ್ನು ಒಂಟಿಯಾಗಿ ಬಿಡುತ್ತಾರೆ. ಆಚೆ ತುದಿಯಲ್ಲಿ, ದಪ್ಪ ಗಾದಿ ಹೊದಿಸಿದ ಕುದುರೆಯ ಮೇಲೆ ಈಟಿಗಾರ ಕಾಯುತ್ತಿರುತ್ತಾನೆ. ಅವನ ಕೋಲಿನ ತುದಿಗೆ ಒಂದು ಚಿಕ್ಕ ಮೊಳೆ. ಕಡಸು ಕುದುರೆಯ ಮೇಲೆ ನುಗ್ಗಬೇಕು, ಮೊಳೆ ಚುಚ್ಚಬೇಕು, ನೋವು ತಿಂದ ಮೇಲೂ ತಾನಾಗಿ ಮತ್ತೆ ನುಗ್ಗಬೇಕು. ಎಷ್ಟು ದೂರದಿಂದ ಬಂದರೆ ಅಷ್ಟು ಒಳ್ಳೆಯದು. ಅಷ್ಟು ಹೊತ್ತೂ ಕಣದ ಸುತ್ತ ಯಾರೂ ಮಾತಾಡಕೂಡದು, ಕೆಮ್ಮಕೂಡದು. ಕರೆಯುವ ಹಕ್ಕು ಈಟಿಗಾರನಿಗೆ ಮಾತ್ರ. ಧಣಿ ಮೇಲೆ ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೆಚ್ಚಿನವಳು ಎಂದು ಬರೆದರೆ ಅವಳು ಮುಪ್ಪಿನವರೆಗೂ ಬಯಲಲ್ಲಿ ತಾಯಾಗಿ ಇರುತ್ತಾಳೆ. ಬೇರೆ ಕಡೆ ಹಸುವನ್ನು ಸಾಧು ಎಂದರೆ ಹೊಗಳಿದ ಹಾಗೆ. ನಮ್ಮಲ್ಲಿ ಆ ಒಂದು ಮಾತು ಬಿದ್ದರೆ ಸೋಮವಾರ ಕಸಾಯಿಖಾನೆ.

ಆರು ತಿಂಗಳಾದಾಗ ಪನಾದೇರಾಳನ್ನು ಮಂದೆಗೆ ಬಿಟ್ಟೆವು. ಕೊಂಬು ಬಂತು, ಬೆನ್ನು ಕಪ್ಪಗೆ ಮಿಂಚತೊಡಗಿತು. ಉಳಿದ ಕಡಸುಗಳನ್ನು ಗುದ್ದಿ ನೀರಿನ ಹತ್ತಿರ ಮೊದಲ ಜಾಗ ಹಿಡಿದಳು. ಆದರೆ ಗುರುವಾರ ಗುರುವಾರ, ಒಲೆಯಿಂದ ರೊಟ್ಟಿಯ ವಾಸನೆ ಎದ್ದಿತೋ ಇಲ್ಲವೋ, ಎಲ್ಲಿದ್ದರೂ ಬಂದು ಅಡುಗೆಮನೆಯ ಹಿಂದಿನ ಗೋಡೆಗೆ ಗಲ್ಲ ಊರಿ ನಿಲ್ಲುವಳು. ಕಸಿಲ್ದಾ ಒಂದು ಚೂರು ಎಸೆಯುವಳು. ಹೀಗೆ ಮಾಡಿದರೆ ಅದನ್ನು ನೀನೇ ಕೊಂದ ಹಾಗೆ ಎಂದು ಒಮ್ಮೆ ಗದರಿದೆ. ಮುಂದಿನ ಗುರುವಾರದಿಂದ ಚೂರು ನಿಂತಿತು. ಆದರೂ ಕಡಸು ಬರುವುದು ನಿಲ್ಲಲಿಲ್ಲ.

ನಮ್ಮಲ್ಲಿ ಅದಕ್ಕೊಂದು ಮಾತಿದೆ, ಕೆರೆನ್ಸಿಯಾ ಅಂತ. ಕಣಕ್ಕೆ ಬಂದ ಹೋರಿ ಒಂದು ಜಾಗ ಆರಿಸಿಕೊಳ್ಳುತ್ತದೆ. ಬಾಗಿಲಿನ ಹತ್ತಿರವೋ, ನೆರಳಿನ ತುದಿಯಲ್ಲೋ. ಭಯವಾದಾಗ, ದಣಿದಾಗ ಅಲ್ಲಿಗೇ ಮರಳುತ್ತದೆ. ಅದು ಅದರ ಮನೆ ಇದ್ದ ಹಾಗೆ. ಪ್ರೀತಿ ಅನ್ನುವುದಕ್ಕೆ ನಮ್ಮಲ್ಲಿರುವ ಮಾತಿನಿಂದಲೇ ಹುಟ್ಟಿದ ಮಾತು ಅದು. ಪರೀಕ್ಷೆಯಲ್ಲಿ ಕೆರೆನ್ಸಿಯಾ ಹಿಡಿದು ನಿಂತ ಕಡಸಿಗೆ ಉಳಿಗಾಲವಿಲ್ಲ.

ಐವತ್ತೈದರ ಮಾರ್ಚಿನಲ್ಲಿ ಪರೀಕ್ಷೆ ಗೊತ್ತಾಯಿತು. ದಿನ ಗುರುವಾರ.

ಹಿಂದಿನ ಸಂಜೆ ಕಸಿಲ್ದಾ ಹಿಟ್ಟು ನಾದಲಿಲ್ಲ. ಬೆಳಿಗ್ಗೆ ಗೂಡೊಲೆಯ ಬಾಯಿಗೆ ಹಲಗೆ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿದಳು. ನಾನು ಕಂಡಂತೆ ಹದಿನಾಲ್ಕು ವರ್ಷದಲ್ಲಿ ಆ ಒಲೆ ಗುರುವಾರ ತಣ್ಣಗಿದ್ದದ್ದು ಅದೇ ಮೊದಲು. ದನಗಾಹಿಗಳಿಗೆ ಕಳೆದ ವಾರದ ರೊಟ್ಟಿ ಕೊಟ್ಟಳು. ಈಟಿಗಾರ ಸೆರಾಪಿಯೊ ಅದನ್ನು ಮೇಜಿಗೆ ಕುಟ್ಟಿ ನೋಡಿದ.

"ಕಸಿಲ್ದಾ ಅತ್ತಿಗೆ, ಪರೀಕ್ಷೆ ಕಡಸಿಗೋ ನಮ್ಮ ಹಲ್ಲಿಗೋ?"

"ನಿನ್ನ ಹಲ್ಲು ಉದುರಿದ್ರೆ ಊರಿಗೆ ಒಳ್ಳೇದೇ, ಮಾತು ಕಮ್ಮಿಯಾಗುತ್ತೆ" ಎಂದಳು.

ಆಮೇಲೆ ನನ್ನ ಕೋಟನ್ನು ಬಿಚ್ಚಿಸಿದಳು. ಅದರಲ್ಲಿ ಒಲೆಯ ವಾಸನೆ ಇದೆ ಎಂದು ಸೆರಾಪಿಯೊನ ಹಳೆಯ ಕೋಟು ತೊಡಿಸಿದಳು. ಗುಂಡಿ ಹಾಕುವಾಗ ಮೆಲ್ಲಗೆ ಹೇಳಿದಳು:

"ಅವಳು ನಿನ್ನ ನೋಡೋ ಹಾಗೆ ನಿಲ್ಬೇಡ ಮಾರಾಯ. ನಮ್ಮನ್ನ ಮರೆತ್ರೆ ಬದುಕ್ತಾಳೆ."

ಕಸಿಲ್ದಾ ಕಣಕ್ಕೆ ಬರಲಿಲ್ಲ. ಅಡುಗೆಮನೆಯಲ್ಲಿ ಕಿಟಕಿ ಹಾಕಿಕೊಂಡು ಕೂತಳು.

ಕಣದ ಬಾಗಿಲು ತೆಗೆದು ಮುಚ್ಚುವುದು ನನ್ನ ಕೆಲಸ. ತೆಗೆದವನು ಪರೀಕ್ಷೆ ಮುಗಿಯುವ ತನಕ ಬಾಗಿಲ ಹಿಂದೆಯೇ ನಿಂತಿರಬೇಕು, ಕದಲುವಂತಿಲ್ಲ. ಪನಾದೇರಾ ಐದನೆಯವಳಾಗಿ ಬಂದಳು. ಒಳಗೆ ಹೋದವಳೇ ಸೆರಾಪಿಯೊ ಕರೆಯುವ ಮೊದಲೇ ಕುದುರೆಗೆ ಹಾಯ್ದಳು. ಮೊಳೆ ನಾಟಿತು. ಹಿಂದೆ ಸರಿದು ಮತ್ತೆ ಹಾಯ್ದಳು. ಹಲಗೆಯ ಸಂದಿಯಿಂದ ನೋಡುತ್ತಿದ್ದ ನನ್ನ ಎದೆ ಹಗುರಾಗುತ್ತಾ ಬಂತು.

ಎರಡನೆಯ ಸಲ ಹಿಂದೆ ಸರಿದವಳು ಅಲ್ಲೇ ನಿಂತಳು. ಮೂಗು ಎತ್ತಿದಳು. ತಿರುಗಿದಳು. ಕುದುರೆಗೆ ಬೆನ್ನು ಹಾಕಿ, ಒಂದೊಂದೇ ಹೆಜ್ಜೆ ಇಡುತ್ತಾ ನನ್ನ ಬಾಗಿಲ ಕಡೆ ಬಂದಳು. ಹೆಗಲಿನಿಂದ ರಕ್ತ ಇಳಿಯುತ್ತಿತ್ತು. ಬಂದು ಹಲಗೆಗೆ ಗಲ್ಲ ಊರಿದಳು, ಅಡುಗೆಮನೆಯ ಗೋಡೆಗೆ ಊರುತ್ತಿದ್ದ ಹಾಗೆಯೇ.

ಆಗ ನನ್ನ ಕೈ ಷರಾಯಿಯ ಜೇಬಿಗೆ ಹೋಯಿತು. ಬೆಳಿಗ್ಗೆ ತಿಂದು ಉಳಿದ ರೊಟ್ಟಿಯ ಕಟಕು ಅಲ್ಲಿತ್ತು. ಉಳಿದದ್ದನ್ನು ಜೇಬಿಗೆ ಹಾಕುವುದು ದನ ಕಾಯುವವನ ಅಭ್ಯಾಸ. ಕೋಟು ಬದಲಿಸಿದ ಕಸಿಲ್ದಾಗೂ ಅದು ಹೊಳೆದಿರಲಿಲ್ಲ, ನನಗೂ ಇಲ್ಲ.

ಅವಳ ಬಿಸಿಯುಸಿರು ಸಂದಿಯಿಂದ ನನ್ನ ಮೊಣಕೈಗೆ ತಾಗುತ್ತಿತ್ತು. ಮೇಲೆ ಧಣಿಯ ಪೆನ್ಸಿಲ್ ಎತ್ತಿದ್ದು ಕಂಡಿತು. ಒಂದು ಮಾತಾಡಿ ಅಟ್ಟೋಣವೆಂದರೆ ನನ್ನ ದನಿ ಅವಳಿಗೆ ಹಾಲು ಕುಡಿದ ದಿನದಿಂದ ಗೊತ್ತು. ಹಲಗೆಗೆ ಬಡಿಯುವುದಂತೂ ಆಗದ ಕೆಲಸ. ನಾನಿದ್ದಷ್ಟು ಹೊತ್ತೂ ಅವಳಿಗೆ ಅದೇ ಮನೆ.

ಬಾಗಿಲು ಬಿಟ್ಟು ಹೊರಟೆ. ಬೂಟಿನ ಸದ್ದಾಗದಂತೆ ಮೊದಲು ಹತ್ತು ಹೆಜ್ಜೆ. ಆಮೇಲೆ ಗಾಳಿಯ ಇಳಿಮುಖಕ್ಕೆ ತಿರುಗಿ, ವಾಸನೆ ಹಿಂದಕ್ಕೆ ಹೋಗದ ಹಾಗೆ, ನೀರಿನ ತೊಟ್ಟಿಯ ತನಕ ಹೋದೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ನಿಂತುಬಿಡುತ್ತಿದ್ದೆನೋ ಏನೋ. ಮೂವತ್ತು ವರ್ಷ ಆ ಕೆಲಸ ಮಾಡಿದ್ದೇನೆ, ಬಾಗಿಲು ಬಿಟ್ಟದ್ದು ಅದೊಂದೇ ಸಲ.

ಬಹಳ ಹೊತ್ತು ಏನೂ ಕೇಳಿಸಲಿಲ್ಲ. ತೊಟ್ಟಿಯ ಮೇಲೆ ಒಂದು ಕೊಕ್ಕರೆ ಕೂತಿತ್ತು. ಆಮೇಲೆ ಗೊರಸಿನ ಸದ್ದು, ಮೊದಲು ನಿಧಾನ, ಬರಬರುತ್ತಾ ಬಿರುಸು. ಕೊನೆಗೆ ಗಾದಿಗೆ ಗುದ್ದಿದ ಸದ್ದು. ಕೊಕ್ಕರೆ ಹಾರಿಹೋಯಿತು.

ಬಾಗಿಲಿನಿಂದ ಕುದುರೆಯವರೆಗೆ, ಕಣದ ಇಡೀ ಅಗಲವನ್ನು ಒಂದೇ ಉಸಿರಿಗೆ ದಾಟಿ ಹೋದಳಂತೆ. ಕುದುರೆಯ ಮುಂಗಾಲು ನೆಲ ಬಿಟ್ಟಿತಂತೆ. ಅಂಥದ್ದನ್ನು ತಾನು ಎರಡು ಸಲ ಕಂಡಿಲ್ಲ ಎಂದು ಸೆರಾಪಿಯೊ ಸಾಯುವ ತನಕ ಹೇಳುತ್ತಿದ್ದ. ಅವನ ಬಾಯಲ್ಲಿ ಕೇಳಿದ್ದಷ್ಟೇ ನನ್ನ ಪಾಲಿಗೆ.

ಮುಗಿದ ಮೇಲೆ ಧಣಿ ನನ್ನನ್ನು ಕರೆದು, ಬಾಗಿಲು ಬಿಟ್ಟು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಹೊಟ್ಟೆ ಕೆಟ್ಟಿತ್ತು ಧಣಿ, ಹಳೇ ರೊಟ್ಟಿ ಎಂದೆ. ಅವರು ಪುಸ್ತಕ ಮುಚ್ಚಿದರು.

"ಇವಳ ಮಗಳ ಪರೀಕ್ಷೆಗೆ ಬಾಗಿಲಲ್ಲಿ ಬೇರೆಯೋರನ್ನ ನಿಲ್ಲಿಸ್ತೀನಿ" ಎಂದರು. ಮಗಳ ಪರೀಕ್ಷೆ ಎಂದ ಮೇಲೆ ತಾಯಿ ಉಳಿದಳು ಎಂದು ಅರ್ಥ. ಬೈದದ್ದು ನನಗೆ ತಾಗಲೇ ಇಲ್ಲ.

ಅಡುಗೆಮನೆಗೆ ಹೋಗಿ ಹೇಳಿದೆ. ಕಸಿಲ್ದಾ ಕೇಳಿದ್ದು ಒಂದೇ, ರಕ್ತ ಬಂತಾ ಎಂದು. ಸ್ವಲ್ಪ, ಗಾಯಕ್ಕೆ ಡಾಂಬರು ಹಚ್ಚಿದ್ದೇವೆ ಎಂದೆ. ತಲೆಯಾಡಿಸಿ, ಒಲೆಯ ಸಂದಿಯ ಬಟ್ಟೆಯನ್ನು ಒಂದೊಂದಾಗಿ ಎಳೆದು ಮಡಿಸಿಟ್ಟಳು. ಜೇಬಿನ ಕಟಕಿನ ಸಂಗತಿಯನ್ನು ನಾನು ಅವಳಿಗೆ ಎಂದೂ ಹೇಳಲಿಲ್ಲ.

ಮುಂದಿನ ಗುರುವಾರ ರೊಟ್ಟಿ ಸುಟ್ಟಾಗ ಪನಾದೇರಾ ಗೋಡೆಗೆ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಕಸಿಲ್ದಾ ತಾನೇ ಬೇಲಿಯ ತನಕ ಹೋದಳು. ಕಡಸು ತಲೆ ತಗ್ಗಿಸಿ ನೆಲ ಕೆರೆಯಿತು. ಕಸಿಲ್ದಾ ಹಿಂದೆ ಸರಿದು ಬಂದು, ಒಳ್ಳೆಯದಾಯಿತು ಎಂದಳು. ಆ ವಾರವೆಲ್ಲಾ ಕೋಳಿಗಳಿಗೆ ಬೈಗುಳ ಇರಲಿಲ್ಲ.

ಐವತ್ತೇಳರ ಜನವರಿಯಲ್ಲಿ ಪನಾದೇರಾ ಗಂಡುಕರು ಹಾಕಿದಳು. ಅವನು ನಾಲ್ಕು ವರ್ಷ ಎಂಟು ತಿಂಗಳು ಓಕ್ ಮರಗಳ ಕೆಳಗೆ ರಾಜನ ಹಾಗೆ ಬೆಳೆದ. ಹಗ್ಗ ಎಂದರೇನೆಂದು ಗೊತ್ತಿಲ್ಲ, ನೆಲದ ಮೇಲೆ ನಡೆಯುವ ಮನುಷ್ಯನನ್ನು ಹತ್ತಿರದಿಂದ ಕಂಡಿಲ್ಲ. ಸಾಕಿ ಸಾಕಿ ಕಣಕ್ಕೆ ಹೇಗೆ ಕಳಿಸುತ್ತೀರಿ ಎಂದು ಪಟ್ಟಣದವರು ಕೇಳುತ್ತಾರೆ. ಕಣವೊಂದು ಇರದಿದ್ದರೆ ಆ ಬಯಲೂ ಇರುತ್ತಿರಲಿಲ್ಲ, ಅವನೂ ಇರುತ್ತಿರಲಿಲ್ಲ ಎನ್ನುತ್ತೇನೆ. ಅದು ನಿಜ. ಆದರೆ ಅದನ್ನು ಹೇಳುವಾಗ ಕೇಳಿದವರ ಮುಖ ನೋಡುವುದಿಲ್ಲ.

ಅವನನ್ನು ಪೆಟ್ಟಿಗೆಯಲ್ಲಿ ಕಣಕ್ಕೆ ಒಯ್ಯುವ ಲಾರಿ ಬರುವ ದಿನ ಬೆಳಿಗ್ಗೆ ಎದ್ದರೆ ಹೊಗೆ. ಕಸಿಲ್ದಾ ಒಲೆ ಹಚ್ಚಿದ್ದಳು.

"ಇವತ್ತು ಗುರುವಾರ ಅಲ್ವಲ್ಲೇ" ಎಂದೆ.

"ಗೊತ್ತು. ಹುಟ್ಟಿದಾಗಿಂದ ಅವನು ಈ ವಾಸನೇಲೇ ಮೇದೋನು. ಆ ಪೆಟ್ಟಿಗೆ ಕತ್ತಲೇಲಿ ಮೂಗಿಗಾದ್ರೂ ಒಂದು ಊರು ಬೇಡ್ವಾ?"

ಹೋರಿಯನ್ನು ಪೆಟ್ಟಿಗೆಗೆ ಹೊಗಿಸಿದೆವು. ಒದೆಯುತ್ತಿದ್ದವನು ಗಾಳಿ ಬೀಸಿದಾಗ ಸ್ವಲ್ಪ ಹೊತ್ತು ಸುಮ್ಮನಾದ. ಲಾರಿ ಓಕ್ ಮರಗಳ ತಿರುವು ದಾಟುವಾಗ ಕಸಿಲ್ದಾ ನನ್ನ ತೋಳು ಮುಟ್ಟಿ ಅಡುಗೆಮನೆಯ ಹಿಂದೆ ತೋರಿಸಿದಳು. ಮುದಿಯಾಗತೊಡಗಿದ್ದ ಪನಾದೇರಾ ಗೋಡೆಗೆ ಗಲ್ಲ ಊರಿ ನಿಂತಿದ್ದಳು. ಆರು ವರ್ಷದ ಮೇಲೆ. ಕಸಿಲ್ದಾ ಬಿಸಿರೊಟ್ಟಿ ಮುರಿದು ಗೋಡೆಯ ಮೇಲಿಟ್ಟು, ಹತ್ತಿರ ಹೋಗದೆ ದೂರ ನಿಂತಳು.

ಅಂದು ಹೋದವನು ಪನಾದೇರೊ. ಸೆಪ್ಟೆಂಬರ್ ಹನ್ನೆರಡು, ಮಂಗಳವಾರ.