ಪರದೆಯ ಸರ, ಬೆನ್ನ ಮೇಲಿನ ಮಗು

ರಾತ್ರಿಯೆಲ್ಲಾ ಬೇಕರಿಯಲ್ಲಿ ಹಿಟ್ಟು ನಾದಿ ಮಾಮ್ಲೆ ಮನೆ ಸೇರುವ ಹೊತ್ತಿಗೆ ಸೊಮಾನ್ಯಾ ಊರು ಆಗಷ್ಟೇ ಎದ್ದು ಹಲ್ಲುಜ್ಜುತ್ತಿತ್ತು. ಊರಿಗೆಲ್ಲಾ ಬೆಳಗಾದರೆ ಅವಳಿಗೆ ಮಲಗುವ ಹೊತ್ತು. ಆದರೆ ಮಲಗೋದೆಲ್ಲಿ ಬಂತು? ಕೋಣೆಗಿದ್ದ ಒಂದೇ ಕಿಟಕಿ ಪೂರ್ವಕ್ಕೆ. ಗಾಜಿನ ಪಟ್ಟಿಗಳ ಸಂದಿಯಿಂದ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತಿತ್ತು. ಮುಖಕ್ಕೆ ಬಟ್ಟೆ ಮುಚ್ಚಿಕೊಂಡರೆ ಸೆಕೆ, ತೆಗೆದರೆ ಬೆಳಕು. ಹೊರಳಾಡಿ ಹೊರಳಾಡಿ ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಮಗಳು ಮಾಕು ಎದ್ದು ಅಳುತ್ತಿದ್ದಳು.

"ನಿನ್ನ ಮುಖ ನೋಡಿದ್ರೆ ನಂಗೇ ಆಕಳಿಕೆ ಬರುತ್ತೆ ಕಣೇ," ಅಂದ ಗಂಡ ನಾರ್. ಬರೀ ಅನ್ನಲಿಲ್ಲ, ಒಂದು ದಿನ ಕಿಟಕಿಗೆ ಬ್ಲೈಂಡ್ಸ್ ತಂದೇಬಿಟ್ಟ. ದಪ್ಪ ಬಟ್ಟೆಯ ಪರದೆ; ಸರ ಎಳೆದರೆ ಸುತ್ತಿಕೊಂಡು ಮೇಲೇರುತ್ತದೆ, ಇನ್ನೊಂದು ಕಡೆ ಎಳೆದರೆ ಇಳಿಯುತ್ತದೆ. ಅಳತೆ ಹಿಡಿದು, ಗೋಡೆ ಕೊರೆದು, ಸ್ಕ್ರೂ ಬಿಗಿದು ತಾನೇ ಹಾಕಿದ. ಪರದೆಯ ಪಕ್ಕದಲ್ಲಿ ಪುಟ್ಟ ಬಿಳಿ ಮಣಿಗಳ ಸರ ಬಳೆಯ ಹಾಗೆ ಸುತ್ತಿ ಬಂದು ನೆಲದ ತನಕ ಜೋತುಬಿದ್ದಿತ್ತು. ಪರದೆ ಇಳಿದದ್ದೇ ತಡ, ಕೋಣೆ ಕತ್ತಲಾಯಿತು. ಅವತ್ತು ಮಾಮ್ಲೆ ಹೊದಿಕೆ ಕೂಡ ಎಳೆದುಕೊಳ್ಳದೆ ಬಿದ್ದಲ್ಲೇ ನಿದ್ದೆ ಹೋದಳು.

ಅತ್ತೆಯ ಹೆಸರು ಕೋರ್ಕೋರ್; ಸಂತೆಯಲ್ಲಿ ಮಣಿ ಮಾರುವಾಕೆ. ಊರಿನ ಮಕ್ಕಳ ಕೈಗೆ, ಸೊಂಟಕ್ಕೆ ಬೀಳುವ ಮಣಿಗಳಲ್ಲಿ ಅರ್ಧ ಅವಳು ಪೋಣಿಸಿದವೇ. ಪರದೆಯ ಸರ ಕಂಡು ಅವಳಿಗೆ ಖುಷಿಯೋ ಖುಷಿ. ಅದನ್ನು ಮೊಮ್ಮಗಳ ಕೊರಳಿಗೆ ಇಳಿಬಿಟ್ಟು, "ನೋಡ್ರೋ ನನ್ನ ರಾಣಿಯ ಗತ್ತು!" ಅಂತ ನಗುತ್ತಿದ್ದಳು. ಅದೇ ಹೊತ್ತಿಗೆ ಮಾಕುವಿಗೆ ಲಸಿಕೆ ಹಾಕಲು ನರ್ಸ್ ಡೋರ್ಕಾಸ್ ಬಂದಳು.

"ಅಯ್ಯೋ, ತೆಗೀರಿ ಅಮ್ಮ ಅದನ್ನ! ಕುತ್ತಿಗೆಗೆ ಬಿಗಿದ್ರೆ ಗತಿಯೇನು?"

"ಮಣಿ ಬಿಗಿದು ಮಕ್ಕಳು ಸಾಯ್ತಾವಾ? ನೀನು ಹುಟ್ಟಿದಾಗ ನಿಂಗೂ ನಾನೇ ಕಣೇ ಮಣಿ ಕಟ್ಟಿದ್ದು. ಈಗ ಗುಂಡುಕಲ್ಲಿನ ಹಾಗೆ ನಿಂತಿದ್ದೀಯಲ್ಲ!"

"ನೀವು ಕಟ್ಟಿದ್ದು ನೂಲಿನ ದಾರದಲ್ಲಿ. ಎಲ್ಲಾದ್ರೂ ಸಿಕ್ಕಿಕೊಂಡ್ರೆ ದಾರ ಹರಿಯುತ್ತೆ, ಮಣಿ ಚೆಲ್ಲುತ್ತೆ, ಮಗು ಬದುಕುತ್ತೆ. ಇದನ್ನ ಎಳೆದು ನೋಡಿ, ಹರಿಯುತ್ತಾ?" ಡೋರ್ಕಾಸ್ ನಾರ್ ಕಡೆ ತಿರುಗಿದಳು. "ಸರವನ್ನ ಗೋಡೆಗೆ ಬಿಗಿಯೋಕೆ ಒಂದು ಕ್ಲಿಪ್ ಕೊಟ್ಟಿರ್ತಾರಲ್ಲ ಅಣ್ಣ, ಎಲ್ಲಿ?"

"ಅದಾ? ಮಿಕ್ಕಿದ್ದು ಅಂದ್ಕೊಂಡು ಎತ್ತಿಟ್ಟೆ," ಅಂದ ನಾರ್. "ಭಾನುವಾರ ಹಾಕ್ತೀನಿ ಬಿಡಿ."

ಅತ್ತೆ ಮೂತಿ ತಿರುವಿದಳು. ಮಾಮ್ಲೆಯೂ "ಹೂಂ" ಅಂದಳೇ ಹೊರತು ಒಂದು ಮಾತೂ ತಲೆಗೆ ಇಳಿಸಿಕೊಳ್ಳಲಿಲ್ಲ. ಕಣ್ಣು ತೆರೆದಿಟ್ಟುಕೊಳ್ಳೋದೇ ಅವಳಿಗೆ ಸಾಕುಸಾಕಾಗಿತ್ತು.

ಭಾನುವಾರ ಇನ್ನೂ ಬಂದಿರಲಿಲ್ಲ. ಅವತ್ತು ಬೇಕರಿಯಿಂದ ಬಂದವಳೇ ಅಳುತ್ತಿದ್ದ ಮಾಕುವನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡಳು. ಗಂಜಿಯ ಬಟ್ಟಲು ಹಿಡಿದು ಕಿಟಕಿಗೆ ಬೆನ್ನು ಮಾಡಿ ಗಿಡ್ಡ ಮಣೆಯ ಮೇಲೆ ಕುಳಿತಳು. ಬೆನ್ನ ಹಿಂದೆ ಮಗು ಮಣಿಸರ ಹಿಡಿದು ಕಿಲಕಿಲ ನಗುತ್ತಿತ್ತು. ಆಡಿಕೊಳ್ಳಲಿ ಪಾಪ, ಅಂದುಕೊಂಡಳು. ಒಂದು ಗುಟುಕು ಕುಡಿದಳೋ ಇಲ್ಲವೋ, ತೂಕಡಿಕೆ ಬಂದು ತಲೆ ಮುಂದಕ್ಕೆ ಬಾಗಿತು. ಮೈಯೂ ಬಾಗಿತು. ನಗು ನಿಂತಿತು.

'ಸದ್ಯ, ಮಲಗಿತು,' ಅಂತ ಮಾಮ್ಲೆಗೆ ಅರೆನಿದ್ದೆಯಲ್ಲೇ ನೆಮ್ಮದಿಯಾಯಿತು.

"ಹಿಂದಕ್ಕೆ ವಾಲೇ! ಮಾಮ್ಲೆ, ಹಿಂದಕ್ಕೆ!"

ಬಾಗಿಲಲ್ಲಿ ಅತ್ತೆ. ಸಂತೆಯ ಬುಟ್ಟಿ ಅಲ್ಲೇ ಬಿಸಾಕಿ ಓಡಿ ಬಂದಳು. ಮಾಮ್ಲೆ ಗಾಬರಿಯಲ್ಲಿ ಹಿಂದಕ್ಕೆ ವಾಲಿದಳು. ಅತ್ತೆ ಮಗುವಿನ ತಲೆ ಎತ್ತಿ ಹಿಡಿದು, ಕುತ್ತಿಗೆಗೆ ಬಿಗಿದಿದ್ದ ಸರವನ್ನು ಬಿಡಿಸಿದಳು. ಮಾಕುವಿನ ಬಾಯಿ ತೆರೆದಿತ್ತು, ಸದ್ದಿಲ್ಲ. ಆಮೇಲೆ ಒಂದು ಕೆಮ್ಮು. ಆಮೇಲೆ ಮನೆ ಹಾರಿಹೋಗುವಂಥ ಅಳು. ಆ ಅಳು ಕೇಳಿದ ಮೇಲೇ ಮಾಮ್ಲೆಗೆ ಉಸಿರು ಬಂತು.

ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಕೊರಳಲ್ಲಿ ಕೆಂಪು ಗೆರೆ ಬಿಟ್ಟರೆ ಬೇರೇನೂ ಆಗಿರಲಿಲ್ಲ. ಸಂಜೆ ಡೋರ್ಕಾಸ್ ತಾನೇ ಮನೆಗೆ ಬಂದಳು. 'ನಾನು ಹೇಳಿರಲಿಲ್ವಾ' ಅನ್ನಲಿಲ್ಲ.

"ಕಿತ್ತು ಬಿಸಾಕೋ ಆ ದರಿದ್ರಾನ!" ಅತ್ತೆ ಮಗನ ಮೇಲೆ ಕೂಗಾಡುತ್ತಿದ್ದಳು.

ಮಾಮ್ಲೆಗೆ ಅಳು ತಡೆಯಲಾಗಲಿಲ್ಲ. "ಕೀಳಬೇಡಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ನಿದ್ದೆ ಇಲ್ದೇ ತಾನೇ ಇವತ್ತು ಹೀಗಾಗಿದ್ದು? ಪರದೆ ಕಿತ್ತರೆ ನಾನು ಯಾವಾಗ ಮಲಗ್ಲಿ, ಮಗೂನ ಹೇಗೆ ನೋಡ್ಕೊಳ್ಳಲಿ?"



"ಪರದೆ ಇರಲಿ ಅಮ್ಮ," ಅಂದಳು ಡೋರ್ಕಾಸ್. "ಜೋತಾಡೋ ಸರ ಇರಬಾರದು ಅಷ್ಟೇ. ಕ್ಲಿಪ್ಪಿಗೆ ಸಿಕ್ಕಿಸಿ, ಸರ ಗೋಡೆಗೆ ಬಿಗಿಯಾಗಿ ನಿಲ್ಲೋ ಹಾಗೆ ಸ್ಕ್ರೂ ಹಾಕಿ. ಬೆರಳೂ ತೂರಬಾರದು. ಕ್ಲಿಪ್ ಇಲ್ಲದವರು ಎತ್ತರದಲ್ಲಿ ಕೊಕ್ಕೆ ಹೊಡೆದು ಸುತ್ತಿಡ್ಲಿ, ಮಗು ಮಣೆ ಹತ್ತಿದ್ರೂ ಕೈಗೆ ಸಿಗಬಾರದು. ಹಾಸಿಗೆ, ಮಣೆ, ಕುರ್ಚಿ ಯಾವುದೂ ಕಿಟಕಿ ಕೆಳಗೆ ಬೇಡ."

ಕೋರ್ಕೋರ್ ಎದ್ದು ಹೋಗಿ ಸರವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಇನ್ನೊಮ್ಮೆ ಜಗ್ಗಿದಳು. ಅಂಗೈ ಕೆಂಪಾಯಿತು, ಸರ ಹರಿಯಲಿಲ್ಲ.

"ಜೀವಮಾನವೆಲ್ಲಾ ದಾರ ಪೋಣಿಸಿದವಳು ನಾನು," ಅಂದಳು. ದನಿ ಬಿದ್ದುಹೋಗಿತ್ತು. "ಇದು ಸರ ಅಲ್ಲ ಕಣೋ ನಾರ್, ನೇಣು. ಭಾನುವಾರ ಅಂತೆ ಭಾನುವಾರ! ಈಗ್ಲೇ ಹಾಕು. ನಾನು ನೋಡ್ಬೇಕು."

ನಾರ್ ಅವಳ ಕಣ್ಣೆದುರೇ ಕ್ಲಿಪ್ ಹಾಕಿ ಸರವನ್ನು ಗೋಡೆಗೆ ಬಿಗಿದ. ಅತ್ತೆ ಬೆರಳು ತೂರಿಸಿ ನೋಡಿದಳು, ತೂರಲಿಲ್ಲ. ಮಾಮ್ಲೆಗೆ ನಿದ್ದೆಯಾಗಲಿ ಅಂತ ಮಾರನೇ ದಿನದಿಂದ ಬೆಳಗಿನ ಹೊತ್ತು ಮಾಕು ಅಜ್ಜಿಯ ಜೊತೆ ಸಂತೆಗೆ ಹೊರಟಳು. ಮಣಿ ಕೊಳ್ಳಲು ಬಂದ ತಾಯಂದಿರನ್ನೆಲ್ಲಾ ಅಜ್ಜಿ ಮೊದಲು ಕೇಳುವುದು ಒಂದೇ: "ನಿಮ್ಮನೆ ಕಿಟಕಿಗೆ ಅಂಥ ಪರದೆ ಇದೆಯೇನಮ್ಮಾ?"

ನಿಮ್ಮನ್ನೂ ಅದನ್ನೇ ಕೇಳುತ್ತಿದ್ದೇವೆ. ಇದ್ದರೆ ಎದ್ದು ಹೋಗಿ ನೋಡಿ. ಸುಸ್ತಾಗಿದೆ, ನಾಳೆ ನೋಡೋಣ ಅನಿಸುತ್ತದೆ, ನಮಗೂ ಗೊತ್ತು. ಆದರೆ ಕೊರಳಿಗೆ ಸರ ಬಿಗಿದ ಮಗು ಅಳುವುದಿಲ್ಲ, ನಿಮ್ಮನ್ನು ಎಬ್ಬಿಸುವುದಿಲ್ಲ. ಸರವನ್ನು ಈಗಲೇ ಮಗುವಿನ ಕೈಗೆ ಸಿಗದ ಹಾಗೆ ಬಿಗಿಯಿರಿ. ಆಮೇಲೆ ಮಲಗಿ.