ಕಾಲಡಿಯ ಪೆಟ್ಟಿಗೆ

‘ಯಾವುದಕ್ಕೆ ಸರಿ?’

ಹೆಂಡತಿಯ ಈ ಎರಡು ಪದಗಳ ಮುಂದೆ ಅವನು ಐದು ನಿಮಿಷದಿಂದ ಕೂತಿದ್ದ. ಬೆಳಿಗ್ಗೆ ಅವಳು ಫೋನಿಗೆ ಒಂದು ಸಂದೇಶ ಕಳಿಸಿದ್ದಳು. ಉದ್ದವಿದೆ ಎಂಬುದನ್ನಷ್ಟೇ ನೋಡಿ ‘ಸರಿ’ ಎಂದು ಉತ್ತರಿಸಿದ್ದ. ಒಂಬತ್ತು ವರ್ಷದ ದಾಂಪತ್ಯದಲ್ಲಿ ಹತ್ತಕ್ಕೆ ಎಂಟು ಸಲ ಆ ಉತ್ತರ ನಡೆದುಹೋಗಿತ್ತು.

ಆಸ್ಪತ್ರೆಯ ಕಂಪ್ಯೂಟರ್ ಕೋಣೆಗೆ ಕಿಟಕಿಯಿಲ್ಲ. ಕುರ್ಚಿ ಎತ್ತರವಾದ್ದರಿಂದ ಮೇಜಿನ ಕೆಳಗಿದ್ದ ಹಳೆಯ ಸರ್ವರ್ ಪೆಟ್ಟಿಗೆಯ ಮೇಲೆ ಕಾಲಿಟ್ಟುಕೊಳ್ಳುತ್ತಿದ್ದ. ಎರಡು ವರ್ಷದ ಹಿಂದೆಯೇ ಗುಜರಿಗೆ ಹೋಗಬೇಕಿದ್ದ ಪೆಟ್ಟಿಗೆ. ಕಳಿಸಲು ಮೂರು ಸಹಿ ಬೇಕಿದ್ದವು. ಎರಡು ಬಿದ್ದು ಮೂರನೆಯದು ಯಾರಿಗೂ ನೆನಪಿಗೆ ಬಂದಿರಲಿಲ್ಲ.

ಬಾಗಿಲಲ್ಲಿ ಹೆಡ್ ನರ್ಸ್ ನಿಂತಿದ್ದಳು. ಅವಳ ಹಿಂದೆ ಒಬ್ಬ ಹೆಂಗಸು, ಕೊರಳಲ್ಲಿ ಅಳತೆಯ ಟೇಪು. ಅಂಗಡಿಯಿಂದ ನೇರವಾಗಿ ಬಂದಿರಬೇಕು.

“ಟೈಲರಮ್ಮ. ನಾಲ್ಕನೇ ಸಲ ಬರ್ತಿದ್ದಾರೆ,” ಎಂದಳು ನರ್ಸ್. “ಮ್ಯಾನೇಜರ್ ಪ್ರತಿ ಸಲ ಟೆಕ್ನಿಕಲ್ ಪ್ರಾಬ್ಲಂ ಅಂತಾರೆ. ಆ ಪ್ರಾಬ್ಲಂ ಯಾರು ಅಂತ ತೋರಿಸೋಣ ಅಂತ ಕರ್ಕೊಂಡು ಬಂದೆ.”

ಗಂಟಲ ಶಸ್ತ್ರಚಿಕಿತ್ಸೆಯಾದವರು ಮಾತಾಡುವಂತಿಲ್ಲ. ಅವರು ಮಲಗಿದಲ್ಲೇ ಟೈಪ್ ಮಾಡಲೆಂದು ಅವನೇ ಒಂದು ವೆಬ್ ಪುಟ ಕಟ್ಟಿಕೊಟ್ಟಿದ್ದ. ನೀರು ಬೇಕು, ನೋವು, ದೀಪ ಆರಿಸಿ. ಮನೆಯವರಿಗೆ ಬರೆದದ್ದೂ ಅಲ್ಲೇ ಉಳಿಯುತ್ತಿತ್ತು. ಆಮೇಲೆ ಅದನ್ನೆಲ್ಲ ಹೊಸ ಸರ್ವರಿಗೆ ಸಾಗಿಸಿದವನೂ ಅವನೇ.

ಟೈಲರಮ್ಮ ನಾಲ್ಕು ಮಡಿಕೆಯ ಕಾಗದವನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಮಡಿಕೆಗಳಲ್ಲಿ ಕಾಗದ ಹರಿಯುತ್ತ ಬಂದಿತ್ತು.

???? ???? ????. 2 ???? ??????.

ಹಾಗೆಯೇ ಇನ್ನೂ ಎರಡು ಸಾಲು.

“ನಮ್ಮಮ್ಮ ಕೊನೇ ಸಂಜೆ ನನಗೆ ಬರೆದಿದ್ದು. ಎಪ್ಪತ್ತೆಂಟು ಇವೆ, ಎಣಿಸಿದೀನಿ. ಅಕ್ಷರ ಹೋದ್ರೂ ಅಳತೆ ಉಳಿದಿದೆ. ಈ ಎರಡು ಮಾತ್ರ ಹೋಗಿಲ್ಲ, ನೋಡಿ.”

“ಅಂಕಿಗಳು ಹೋಗಲ್ಲ,” ಎಂದ.

“ಎರಡು ಗಂಟೆಗೆ ಬಾ ಅಂತ ಬರೆದಿರಬೇಕು. ಮಾರನೇ ದಿನ ಮೂರಕ್ಕೆ ಹೋಗ್ಬಿಟ್ರು. ನಾನು ಬಂದಾಗ ನಾಲ್ಕಾಗಿತ್ತು. ಮದುವೆ ಬಟ್ಟೆ ಒಂದಿತ್ತು, ಅವತ್ತೇ ಕೊಡಬೇಕಿತ್ತು.” ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಕರೆದಿದ್ರೋ ಇಲ್ವೋ. ಅಷ್ಟು ಗೊತ್ತಾದ್ರೆ ಸಾಕು.”

“ನಾನು ಪಕ್ಕದಲ್ಲೇ ಇದ್ದೆ. ಮನೆಯವರದ್ದು ಅಂತ ಓದೋಕೆ ಹೋಗ್ಲಿಲ್ಲ,” ಎಂದಳು ನರ್ಸ್.

“ಸರ್ವರ್ ಬದಲಾದಾಗ ಹೀಗೆಲ್ಲ ಆಗುತ್ತೆ,” ಎಂದ ಅವನು.

“ಆಗುತ್ತೆ ಅಂದ್ರೆ? ಯಾರೂ ಮಾಡಿಲ್ವಾ?”

ಅವನು ಪರದೆಯತ್ತ ತಿರುಗಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಹಳೆಯದರಲ್ಲಿ 2,306 ಸಂದೇಶ, ಹೊಸದರಲ್ಲಿ 2,306 ಸಂದೇಶ. ತಾಳೆಯಾಗಿತ್ತು. ‘ಎಲ್ಲ ಸರಿ’ ಎಂದು ವರದಿ ಬರೆದು ಆ ದಿನ ಬೇಗ ಮನೆಗೆ ಹೋಗಿದ್ದ. ಒಂದೇ ಒಂದು ಸಂದೇಶವನ್ನೂ ಓದಿರಲಿಲ್ಲ. ಅವನ ಕಸುಬಿನಲ್ಲಿ ಎಣಿಸುತ್ತಾರೆ, ಓದುವುದಿಲ್ಲ. ಸಾಗಿಸುವ ಪ್ರೋಗ್ರಾಮಿಗೆ ಇದು ಯಾವ ಲಿಪಿ ಎಂದು ಹೇಳಲು ಮರೆತಿದ್ದ. ಅದು ತನಗೆ ಗೊತ್ತಿಲ್ಲದ ಪ್ರತಿ ಅಕ್ಷರದ ಜಾಗದಲ್ಲೂ ಒಂದು ಪ್ರಶ್ನೆಚಿಹ್ನೆ ಇಟ್ಟು ಮುಂದೆ ಹೋಗಿತ್ತು. ಪ್ರಶ್ನೆಚಿಹ್ನೆಯಿಂದ ಅಕ್ಷರಕ್ಕೆ ವಾಪಸು ದಾರಿಯಿಲ್ಲ.

ಹೋಯ್ತಮ್ಮ, ಸಿಗಲ್ಲ ಎನ್ನಬೇಕು. ಬಾಯಿ ತೆರೆದ. ಮುಜುಗರಕ್ಕೆ ಕಾಲು ಆಡಿಸಿದಾಗ ಹಿಮ್ಮಡಿ ಪೆಟ್ಟಿಗೆಗೆ ತಗುಲಿ ಠಣ್ಣೆಂದಿತು.

ಆ ಸಂದೇಶಗಳು ಮೊದಲಿದ್ದ ಸರ್ವರ್ ಅದೇ. ಎರಡು ವರ್ಷ. ದಿನಕ್ಕೆ ಎಂಟು ಗಂಟೆ. ಬೂಟುಗಾಲಲ್ಲಿ.

ಮೊಣಕಾಲೂರಿ ಮೇಜಿನ ಕೆಳಗೆ ತೂರಿದ. ತಂತಿ ಸಿಕ್ಕಿಸಿದಾಗ ಪೆಟ್ಟಿಗೆ ಕೆಮ್ಮಿ, ಧೂಳು ಉಗುಳಿ, ಗೊರಗೊರ ತಿರುಗತೊಡಗಿತು. ಮೇಲೆ ಪರದೆಯ ತುಂಬ ತಲೆಯ ಮೇಲೆ ಗೀಟು, ಕೊಂಬು, ಚುಕ್ಕೆ ಹೊತ್ತ ಪರದೇಶಿ ಅಕ್ಷರಗಳು ಒಂದರ ಬೆನ್ನಿಗೊಂದು ಬಿದ್ದವು.

“ಇದಕ್ಕಿಂತ ಪ್ರಶ್ನೆಚಿಹ್ನೆನೇ ವಾಸಿ,” ಎಂದಳು ನರ್ಸ್.

“ಇಲ್ಲ ಸಿಸ್ಟರ್. ಕಸ ಇದ್ರೇನೇ ಒಳ್ಳೇದು. ಅಕ್ಷರ ಒಳಗಿದೆ, ವೇಷ ಬೇರೆ, ಅಷ್ಟೇ.” ತನ್ನ ದನಿಯಲ್ಲಿ ಸಂತೋಷವಿದ್ದದ್ದು ಅವನಿಗೇ ಅಪರಿಚಿತವೆನಿಸಿತು. ಆ ಸಂತೋಷದ ಬೆನ್ನಿಗೇ ನಾಚಿಕೆಯಾಯಿತು. “ಅಮ್ಮ, ಇದು ತಾನಾಗಿ ಆಗಿದ್ದಲ್ಲ. ನಾನು ಮಾಡಿದ್ದು. ಓದಿ ನೋಡದೆ ಎಲ್ಲ ಸರಿ ಅಂತ ಬರೆದೆ.”

ಟೈಲರಮ್ಮ ಮೇಜಿನತ್ತ ಬಾಗಿದಳು. ಕಣ್ಣು ಪರದೆಯ ಮೇಲಿತ್ತು. ಅವನು ಒಂದು ಸಾಲಿನ ಆಜ್ಞೆ ಬರೆದ. ವೇಷ ಕಳಚಿತು.

ಅಂಗಿ ತೋಳು ಬಿಗಿ. 2 ಇಂಚು ಬಿಚ್ಚು. ನಾಳೆ ಬರಬೇಡ. ಆ ಮದುವೆ ಬಟ್ಟೆ ಮುಗಿಸು. ನನಗೇನೂ ಆಗಲ್ಲ. ಆಮೇಲೆ ಬಂದಾಗ ನಿನ್ನ ಕೈಯ�

ಅವಳು ತುಟಿಯಾಡಿಸುತ್ತ ಓದಿದಳು. ಮತ್ತೊಮ್ಮೆ ಓದಿದಳು. “ಬರಬೇಡ ಅಂದಿದ್ರು,” ಎಂದಳು ನರ್ಸಿಗೆ. ಆಮೇಲೆ ತಿರುಗಿ ಅವನಿಗೂ ಹೇಳಿದಳು, “ಬರಬೇಡ ಅಂದಿದ್ರು.” ನರ್ಸ್ ಸ್ಟೂಲು ಎಳೆದು ಅವಳನ್ನು ಕೂರಿಸಿದಳು. ಅವಳು ಸದ್ದಿಲ್ಲದೆ ಅತ್ತಳು.

ಕಣ್ಣೊರೆಸಿಕೊಂಡು ಸಾಲಿನ ಕೊನೆಗೆ ಬೆರಳಿಟ್ಟಳು. “ಇದೇನು, ಈ ಕರಿ ಗುರುತು?”

“ಒಂದು ಸಂದೇಶಕ್ಕೆ ಇಷ್ಟೇ ಜಾಗ ಅಂತ ಮಿತಿ ಇಟ್ಟಿದ್ದೆ. ಅಕ್ಷರದ ನಡುವೆ ಕತ್ತರಿ ಬಿತ್ತು. ಆಮೇಲಿನದು ಎಲ್ಲೂ ಇಲ್ಲ.”

“ನಾವು ಅಂಚು ಬಿಟ್ಟು ಕತ್ತರಿಸ್ತೀವಿ. ಮುಂದೆ ಬೇಕಾದ್ರೆ ಬಿಚ್ಚೋಕೆ ಬಟ್ಟೆ ಇರ್ಲಿ ಅಂತ.”

“ಹೌದು. ನಾನು ಬಿಡ್ಲಿಲ್ಲ.”

ಅವಳು ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಸೂಜಿ ಚುಚ್ಚಿ ಒರಟಾದ ಬೆರಳುಗಳು. ಅವನು ಪ್ರಿಂಟ್ ತೆಗೆದುಕೊಟ್ಟ. ಹಳೆಯ ಕಾಗದವನ್ನು ಮೇಜಿನ ಮೇಲೆಯೇ ಬಿಟ್ಟು, ಹೊಸದನ್ನು ಮಡಿಸದೆ ಎದೆಗೆ ಹಿಡಿದುಕೊಂಡು ಹೊರಟಳು.

ನರ್ಸ್ ಬಾಗಿಲಲ್ಲಿ ನಿಂತಳು. “ಉಳಿದವು?”

“ಎರಡು ಸಾವಿರದ ಮುನ್ನೂರ ಐದು.”

“ಎಣಿಸೋದು ಗೊತ್ತು ನಿಮಗೆ,” ಎಂದು ಹೋದಳು.

ಕೋಣೆಯಲ್ಲಿ ಪೆಟ್ಟಿಗೆಯ ಸದ್ದೊಂದೇ ಉಳಿಯಿತು. ಅದನ್ನು ಎತ್ತಿ ಮೇಜಿನ ಮೇಲಿಟ್ಟ. ಫೋನು ತೆಗೆದು, ‘ಓದದೇ ಸರಿ ಅಂದಿದ್ದೆ. ಈಗ ಓದ್ತೀನಿ’ ಎಂದು ಹೆಂಡತಿಗೆ ಬರೆದ. ಅವಳ ಬೆಳಗಿನ ಸಂದೇಶವನ್ನು ಮೊದಲ ಪದದಿಂದ ಓದತೊಡಗಿದ. ಮೂರನೆಯ ಸಾಲಿಗೆ ಬಂದಾಗ ನಿಂತು, ಹಿಂದೆ ಹೋಗಿ, ಮತ್ತೆ ಮೊದಲಿಂದ ಹಿಡಿದ.

ಮೇಜಿನ ಕೆಳಗೆ ಧೂಳಿನ ನಡುವೆ ಪೆಟ್ಟಿಗೆಯಿದ್ದ ಜಾಗ ಮಾತ್ರ ಚೌಕಾಕಾರದಲ್ಲಿ ಶುಭ್ರವಾಗಿತ್ತು. ಅದರ ಮೇಲೆ, ಗೇಣುದ್ದ ಎತ್ತರದಲ್ಲಿ, ಅವನ ಎರಡೂ ಕಾಲುಗಳು ನೆಲ ಸಿಗದೆ ತೂಗಾಡುತ್ತಿದ್ದವು.